ಪಕ್ಕದ ಪಿಜಿ ಸದ್ದು, ಎದುರು ಸೈಟಿನ ಕಸ: ಜಗಳ ಇಲ್ಲದೆ ಸರಿಮಾಡಿಕೊಂಡವರು ಇದ್ದೀರಾ?

ಕೇಳಿದವರು: ಬೆಂಗಳೂರಿನ ಗೃಹಿಣಿ

ಎಲ್ಲರಿಗೂ ನಮಸ್ಕಾರ. ಹಳೇ ಬಡಾವಣೆಯೊಂದರಲ್ಲಿ 30–40ರ ಸೈಟಿನಲ್ಲಿ ನಮ್ಮ ಮನೆ ಇದೆ. ಪಕ್ಕದ ಮನೆ ಒಡೆದು ನಾಲ್ಕು ಮಹಡಿಯ ಪಿಜಿ ಕಟ್ಟಿದ್ದಾರೆ. ಶನಿವಾರ ಬಂತೆಂದರೆ ಟೆರೇಸಿನ ಮೇಲೆ ಸ್ಪೀಕರ್, ರಾತ್ರಿ ಒಂದು ಗಂಟೆವರೆಗೂ ಹಾಡು. ಎದುರಿನ ಖಾಲಿ ಸೈಟಿಗೆ ಇಡೀ ರಸ್ತೆಯ ಕಸ ಬಂದು ಬೀಳುತ್ತದೆ. ಇದು ಸಾಲದು ಅಂತ ನಮ್ಮ ಗೇಟಿಗೆ ಅಡ್ಡವಾಗಿ ಯಾರದೋ ಕಾರು. ಮಾವನವರಿಗೆ ವಯಸ್ಸಾಗಿದೆ, ನಿದ್ದೆ ಕೆಟ್ಟರೆ ಮಾರನೇ ದಿನವೆಲ್ಲ ಒದ್ದಾಡುತ್ತಾರೆ. ಮನೆಯವರು ಪೊಲೀಸಿಗೇ ಹೇಳೋಣ ಅಂತಾರೆ. ಬೆಳಗಾದರೆ ಅದೇ ಮುಖ ನೋಡಬೇಕಲ್ಲ ಅಂತ ನನಗೆ ಹಿಂಜರಿಕೆ. ನಿಮ್ಮ ಏರಿಯಾದಲ್ಲಿ ಏನು ಮಾಡಿದಿರಿ? ಯಾವುದು ಫಲ ಕೊಟ್ಟಿತು, ಯಾವುದು ಸುಮ್ನೆ ಓಡಾಟ ಆಯಿತು?

ಬೆಂಗಳೂರಿನಿಂದ, ನಿವೃತ್ತ ಬ್ಯಾಂಕ್ ನೌಕರ

ಮೇಡಂ, ಮೂರು ತೊಂದರೆ ಹೇಳಿದ್ದೀರಿ. ಮೂರನ್ನೂ ಒಂದೇ ಅರ್ಜಿಯಲ್ಲಿ ಬರೆಯಬೇಡಿ. ಅರ್ಜಿ ಯಾರ ಕೈಗೆ ಹೋದರೂ "ಇದರಲ್ಲಿ ಅರ್ಧ ನಮ್ಮದಲ್ಲ" ಅಂತ ಪೂರ್ತಿ ಪಕ್ಕಕ್ಕಿಡುತ್ತಾರೆ. ಸದ್ದು ಪೊಲೀಸರಿಗೆ ಸೇರಿದ್ದು. ಕಸ ಪಾಲಿಕೆಗೆ. ಗೇಟಿನ ಕಾರು ಟ್ರಾಫಿಕ್ ಪೊಲೀಸರಿಗೆ.

ನಾನು ಕಸದ ಬಗ್ಗೆ ಮಾತ್ರ ಹೇಳುತ್ತೇನೆ, ಅದರಲ್ಲೇ ಪಳಗಿದ್ದೇನೆ. ನಮ್ಮ ಕ್ರಾಸಿನ ಕೊನೆಯಲ್ಲೂ ಇಂಥದೇ ಖಾಲಿ ಸೈಟು. ಎದೆಮಟ್ಟ ಕಾಂಗ್ರೆಸ್ ಗಿಡ. ಆಯುಧಪೂಜೆಯ ಮಾರನೇ ದಿನ ಅದನ್ನು ನೋಡಬೇಕಿತ್ತು. ಬಾಳೆಕಂದು, ಒಡೆದ ಬೂದುಗುಂಬಳ, ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣು, ಅದನ್ನೆಲ್ಲ ಕೆದಕುತ್ತಾ ಎರಡು ಹಸು, ಹಸುವಿನ ಸುತ್ತ ನಾಯಿಗಳು. ಕೇಳಿದರೆ ಎಲ್ಲರದೂ ಒಂದೇ ಮಾತು, ಯಾರೋ ಹೊರಗಿನವರು ಎಸೀತಾರೆ ಅಂತ.

ಬೆಳಗಿನ ವಾಕಿಂಗಿನಲ್ಲಿ ಸ್ವಲ್ಪ ಹೊತ್ತು ಅಲ್ಲೇ ನಿಂತು ನೋಡಿದೆ. ಎಸೆಯುವವರು ನಮ್ಮ ರಸ್ತೆಯವರೇ. ಕಾರಣವೂ ಗೊತ್ತಾಯಿತು. ಕಸದ ಆಟೋ ಬರುವುದು ಒಂಬತ್ತರ ಮೇಲೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ ಎಂಟಕ್ಕೇ ಬೀಗ ಬೀಳುತ್ತದೆ. ಬಕೆಟ್ ಹೊರಗಿಟ್ಟು ಹೋದರೆ ನಾಯಿ ಎಳೆದಾಡುತ್ತದೆ. ಒಳಗಿಟ್ಟುಕೊಂಡರೆ ಎರಡನೇ ದಿನಕ್ಕೆ ಹುಳ. ಹಾಗಾಗಿ ಸ್ಕೂಟರ್ ಹ್ಯಾಂಡಲಿಗೆ ಕವರ್ ಸಿಕ್ಕಿಸಿಕೊಂಡು ಬಂದು, ಗಾಡಿ ನಿಲ್ಲಿಸದೆಯೇ ಎಸೆದು ಹೋಗುತ್ತಾರೆ.

ಇಂಥವರಿಗೆ ಬೋರ್ಡ್ ಏನು ಮಾಡುತ್ತದೆ ಹೇಳಿ? "ಇಲ್ಲಿ ಕಸ ಹಾಕಬಾರದು" ಅನ್ನುವ ಬೋರ್ಡಿನ ಬುಡದಲ್ಲೇ ಕವರುಗಳು ಬಿದ್ದಿರುತ್ತಿದ್ದವು. ಗೋಡೆಗೆ ದೇವರ ಟೈಲ್ಸ್ ಹಾಕಿಸಿದೆವು. ದೇವರನ್ನು ಬಿಟ್ಟು ಎರಡಡಿ ಪಕ್ಕಕ್ಕೆ ಎಸೆಯತೊಡಗಿದರು.

ಫಲ ಕೊಟ್ಟಿದ್ದು ಆಟೋ ಬರುವ ಹೊತ್ತು ಬದಲಾಯಿಸಿದ್ದು. ಡ್ರೈವರ್, ಹೆಲ್ಪರ್, ಅವರ ಮೇಸ್ತ್ರಿ ಮೂವರನ್ನೂ ಕೂರಿಸಿ, ಕಾಫಿ ಕೊಟ್ಟು ಕೇಳಿದೆವು. ಅವರ ಸುತ್ತಿನಲ್ಲಿ ನಮ್ಮ ಕ್ರಾಸ್ ಕೊನೆಗೆ ಬರುತ್ತಿತ್ತು. ಅದನ್ನು ಮೊದಲಿಗೆ ತಂದರು. ಅವರಿಗೇನೂ ನಷ್ಟವಿಲ್ಲ, ಯಾರೂ ಅದುವರೆಗೆ ಕೇಳಿರಲಿಲ್ಲ ಅಷ್ಟೆ. ಅಷ್ಟಾದರೂ ಆಟೋ ತಪ್ಪಿಸಿಕೊಳ್ಳುವ ಮನೆಗಳ ಬಕೆಟ್ಟನ್ನು ನಮ್ಮಂಥ ನಿವೃತ್ತರು ಗೇಟೊಳಗೆ ಇಟ್ಟುಕೊಂಡು ಕೊಡುತ್ತೇವೆ. ಹಸಿ, ಒಣ ಬೇರೆ ಬೇರೆ ಇದ್ದರೆ ಮಾತ್ರ. ಸೈಟು ಗುಡಿಸಿ ರಂಗೋಲಿ ಹಾಕಿದ್ದು ಇದೆಲ್ಲ ಆದಮೇಲೆ. ಈ ಕ್ರಮ ಮುಖ್ಯ. ಮೊದಲೇ ಗುಡಿಸಿದ್ದರೆ ವಾರದಲ್ಲಿ ಮತ್ತೆ ಗುಡ್ಡೆ ಬೀಳುತ್ತಿತ್ತು.

ಸೈಟಿನ ಮಾಲೀಕರನ್ನೂ ಹುಡುಕಿ. ಸೈಟ್ ನಂಬರ್ ಗೊತ್ತಿದ್ದರೆ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಹೆಸರು ಸಿಗುತ್ತದೆ. ನಮ್ಮ ಸೈಟಿನವರು ಬೇರೆ ಊರಲ್ಲಿದ್ದರು. ಕಸದ ಫೋಟೋ ಕಳಿಸಿದರೆ ಉತ್ತರವೇ ಬರಲಿಲ್ಲ. "ಹೀಗೇ ಬಿಟ್ಟರೆ ನಾಳೆ ಯಾರಾದರೂ ಒತ್ತುವರಿ ಮಾಡಿಯಾರು" ಅಂತ ಒಂದು ಮೆಸೇಜ್ ಹಾಕಿದ ಮೇಲೆ ತಂತಿಬೇಲಿ ಬಂತು.

ಪಾಲಿಕೆಗೆ ದೂರು ಕೊಡುವುದಾದರೆ 1533ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ಪಾಲಿಕೆ. ನಿಮ್ಮ ರಸ್ತೆ ಯಾವುದಕ್ಕೆ ಸೇರುತ್ತದೆ ಅಂತ ಮೊದಲು ತಿಳಿದುಕೊಳ್ಳಿ, ಇಲ್ಲದಿದ್ದರೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. 2025ರ ಅಕ್ಟೋಬರ್ ಕೊನೆಯಲ್ಲಿ ಬೀದಿಗೆ ಕಸ ಎಸೆದವರ ಮನೆ ಮುಂದೆಯೇ ಕಸ ತಂದು ಸುರಿದು ದಂಡ ಹಾಕಿದ್ದು ನೆನಪಿರಬಹುದು. ನೋಡಲು ಮಜಾ ಇತ್ತು, ನಿಜ. ಆದರೆ ದಂಡ ಕಟ್ಟಿದವರ ಮನೆಗೆ ಆಟೋ ಒಂಬತ್ತಕ್ಕೇ ಬಂದರೆ ಅವರು ಮತ್ತೆ ಎಲ್ಲಿಗೆ ಹೋಗುತ್ತಾರೆ?

ಇನ್ನೊಂದು ಮಾತು. ಒಣಗಿದ ರಾಶಿಗೆ ಬೆಂಕಿ ಇಡಲು ಯಾರನ್ನೂ ಬಿಡಬೇಡಿ. ಪ್ಲಾಸ್ಟಿಕ್ ಹೊಗೆ ನಿಮ್ಮ ಮಾವನವರ ಎದೆಗೇ ಹೋಗುವುದು. ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ರಾಶಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

ಮೈಸೂರಿನಿಂದ

ಸದ್ದಿನ ವಿಷಯ ನಾನು ಹೇಳ್ತೀನಿ. ನಮ್ಮ ಮನೆ ಹಿಂದೆ ಕಲ್ಯಾಣ ಮಂಟಪ. ಓಲಗದ ಬಗ್ಗೆ ನನ್ನ ತಕರಾರಿಲ್ಲ, ಅದು ಕಿವಿಗೆ ಹಿತ. ತೊಂದರೆ ಶುರುವಾಗಿದ್ದು ಆರತಕ್ಷತೆಗೆ ಡಿಜೆ ಬಂದಮೇಲೆ. ಕಿಟಕಿ ಎಲ್ಲ ಮುಚ್ಚಿದರೂ ಗುಮ್ ಗುಮ್ ಅನ್ನೋದು ನಿಲ್ಲುತ್ತಿರಲಿಲ್ಲ. ಅಡುಗೆಮನೆ ಸ್ಟ್ಯಾಂಡಿನಲ್ಲಿ ಬೋರಲು ಹಾಕಿದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಟಿಣಿ ಟಿಣಿ ಅಂತಿದ್ದವು. ಹಾಡು ಕೇಳಿಸುತ್ತಿರಲಿಲ್ಲ, ಬೇಸ್ ಮಾತ್ರ ಗೋಡೆ ದಾಟಿ ಬರುತ್ತಿತ್ತು.

ಅದಕ್ಕೇ ಹೇಳೋದು, "ಸೌಂಡ್ ಕಮ್ಮಿ ಮಾಡಿ" ಅಂತ ಕೇಳಬೇಡಿ. ಅವರು ಒಂದು ಗುಂಡಿ ತಿರುಗಿಸಿ ತೋರಿಸುತ್ತಾರೆ, ನೀವು ಮನೆ ಸೇರುವಷ್ಟರಲ್ಲಿ ಮತ್ತೆ ಏರಿರುತ್ತದೆ. "ಬೇಸ್ ಕಮ್ಮಿ ಮಾಡಿ, ಬಾಕ್ಸ್ ನೆಲದಿಂದ ಎತ್ತಿಡಿ, ಮುಖ ನಮ್ಮ ಕಡೆಯಿಂದ ಆ ಕಡೆ ತಿರುಗಿಸಿ" ಅಂತ ಕೇಳಿ. ನಮ್ಮಲ್ಲಿ ಮ್ಯಾನೇಜರ್ ಇದಕ್ಕೆ ಒಪ್ಪಿದರು. ಅವರ ಗಿರಾಕಿಗೂ ಬೇಜಾರಿಲ್ಲ, ನಮಗೂ ಮುಕ್ಕಾಲು ಪಾಲು ನೆಮ್ಮದಿ. ಟೆರೇಸಿಗೂ ಇದೇ ಲೆಕ್ಕ. ಬಾಕ್ಸ್ ನೇರ ತಾರಸಿ ಮೇಲೆ ಕೂತಿದ್ದರೆ ಇಡೀ ಕಟ್ಟಡವೇ ನಡುಗುತ್ತದೆ.

ನಿಯಮ ತಿಳಿದಿರಲಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಆ ಹೊತ್ತಲ್ಲಿ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ಬಿಡಬಹುದು, ಅಷ್ಟೇ. ಹತ್ತರ ಒಳಗೆ ಏನು ಬೇಕಾದರೂ ಮಾಡಬಹುದು ಅಂತ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಹಗಲಿಗೂ ಮಿತಿ ಇದೆ. ರಾತ್ರಿ ಕಾಂಕ್ರೀಟ್ ಮಿಕ್ಸರ್ ಓಡಿಸುವುದಕ್ಕೂ ವಸತಿ ಪ್ರದೇಶದಲ್ಲಿ ಅವಕಾಶ ಇಲ್ಲ.

ಮೊಬೈಲ್ ಆ್ಯಪಿನಲ್ಲಿ ಅಳೆದದ್ದು ಪಕ್ಕಾ ಸಾಕ್ಷಿ ಆಗುವುದಿಲ್ಲ. ಆದರೆ ದಿನಾಂಕ, ಹೊತ್ತು ಬರೆದಿಟ್ಟ ಒಂದು ಪುಟಕ್ಕೆ ಬೆಲೆ ಇದೆ. "ಯಾವಾಗಲೂ ಗಲಾಟೆ ಸರ್" ಅನ್ನುವ ಅರ್ಜಿಯನ್ನು ಯಾರೂ ಓದುವುದಿಲ್ಲ.

ಬೆಂಗಳೂರಿನಿಂದ, ಪಿಜಿ ನಡೆಸುವವರು

ನಾನು ಆ ಕಡೆಯವಳು, ಬೈಬೇಡಿ. ಹನ್ನೆರಡು ರೂಮಿನ ಹೆಣ್ಣುಮಕ್ಕಳ ಪಿಜಿ ನಡೆಸುತ್ತೇನೆ. ನಮ್ಮ ಕಡೆಯಿಂದ ಹೇಗೆ ಕಾಣುತ್ತದೆ ಅಂತಲೂ ಕೇಳಿ.

ಮೊದಲನೆಯದಾಗಿ, ಟೆರೇಸಿನಲ್ಲಿ ಹಾಡು ಹಾಕುವ ಮಕ್ಕಳ ಹತ್ತಿರ ಮಾತಾಡಿ ಪ್ರಯೋಜನ ಇಲ್ಲ. ಇವತ್ತು ಒಪ್ಪಿದವರು ಮುಂದಿನ ತಿಂಗಳು ಬೇರೆ ಪಿಜಿಗೆ ಹೋಗಿರುತ್ತಾರೆ, ಹೊಸಬರಿಗೆ ನಿಮ್ಮ ಮಾವನವರ ವಿಷಯ ಗೊತ್ತಿರಲ್ಲ. ವಾರ್ಡನ್ ಹುಡುಗನೂ ಸಂಬಳಕ್ಕೆ ಇರುವವನು. ಪಿಜಿ ನಡೆಸುವವರ ನಂಬರ್ ಹಿಡಿಯಿರಿ. ಕಟ್ಟಡದ ಮಾಲೀಕರು ಬೇರೆ, ಲೀಸಿಗೆ ತಗೊಂಡು ನಡೆಸುವವರು ಬೇರೆ ಇರುತ್ತಾರೆ. ಇಬ್ಬರದೂ ಇರಲಿ.

ಎರಡನೆಯದು, ಗುಂಪು ಕಟ್ಟಿಕೊಂಡು ಬರಬೇಡಿ. ಒಮ್ಮೆ ನಮ್ಮ ಗೇಟಿಗೆ ರಾತ್ರಿ ಹದಿನೈದಿಪ್ಪತ್ತು ಜನ ಬಂದರು. ಸದ್ದಿನ ಮಾತು ಎರಡೇ ನಿಮಿಷ. ಆಮೇಲೆ ಹೆಣ್ಣುಮಕ್ಕಳು ಎಷ್ಟು ಹೊತ್ತಿಗೆ ಬರ್ತಾರೆ, ಏನು ಹಾಕ್ಕೋತಾರೆ, ಯಾರ ಬೈಕಲ್ಲಿ ಬರ್ತಾರೆ ಅಂತ ಹೊರಟಿತು. ಅವತ್ತು ನಾನೂ ಬಾಗಿಲು ಹಾಕಿಕೊಂಡೆ. ಪಕ್ಕದ ಮನೆ ಅಜ್ಜಿ ಮಾತ್ರ ಬೆಳಗ್ಗೆ ಹೂವು ಕೀಳಲು ಬಂದಾಗ, "ಏನಮ್ಮ, ನಿನ್ನೆ ಮಾತ್ರೆ ತಗೊಂಡ್ರೂ ನಿದ್ದೆ ಬರಲಿಲ್ಲ" ಅಂದರು. ಮಧ್ಯಾಹ್ನವೇ ಟೆರೇಸ್ ಬಾಗಿಲಿಗೆ ಬೀಗ ಬಂತು. ಈಗ ರಾತ್ರಿ ಒಂಬತ್ತೂವರೆಗೆ ಬೀಗ, ಬಟ್ಟೆ ತೆಗೆಯುವವರು ಅದಕ್ಕೆ ಮುಂಚೆ ತೆಗೆಯಬೇಕು. ಸೇರುವಾಗಲೇ ಹೇಳಿಬಿಡುತ್ತೇನೆ.

ನಿಮ್ಮ ಪಿಜಿಯವರು ಯಾವುದಕ್ಕೂ ಬಗ್ಗದಿದ್ದರೆ ಟ್ರೇಡ್ ಲೈಸೆನ್ಸ್ ಇದೆಯಾ ಅಂತ ಪಾಲಿಕೆಯಲ್ಲಿ ವಿಚಾರಿಸಿ. ನಮ್ಮ ವ್ಯಾಪಾರದಲ್ಲಿ ಎಲ್ಲರೂ ಹೆದರುವುದು ಅದಕ್ಕೇ. ಈ ಮಾತು ನಾನು ಹೇಳಿದೆ ಅನ್ನಬೇಡಿ!

ಇನ್ನೊಬ್ಬರು

ಅಜ್ಜಿ, ಹೂವು, ಕಾಫಿ ಎಲ್ಲ ಸರಿ. ಕುಡಿದು ಕೂತವರ ಹತ್ತಿರ ಇದು ನಡೆಯಲ್ಲ. ರಾತ್ರಿ ಒಬ್ಬರೇ ಹೋಗಿ ಬಾಗಿಲು ತಟ್ಟಬೇಡಿ. 112ಕ್ಕೆ ಫೋನ್ ಮಾಡಿ, ಪೊಲೀಸರ ಗಸ್ತು ವಾಹನ ಹೊಯ್ಸಳ ಬರುತ್ತದೆ. ನಿಮ್ಮ ಹೆಸರು ಹೇಳಬಾರದು ಅಂತ ಮೊದಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಅವರು ನೇರ ನಿಮ್ಮ ಬೆಲ್ ಒತ್ತಿ "ದೂರು ಕೊಟ್ಟಿದ್ದು ನೀವಾ" ಅಂತ ಕೇಳುವುದೂ ಉಂಟು. ಅಲ್ಲಿಗೆ ಮುಗೀತು, ಇಡೀ ರಸ್ತೆಗೆ ಗೊತ್ತು.

ಧಾರವಾಡದಿಂದ, ವಕೀಲರು

ಮೇಲಿನವರು ಹೇಳಿದ್ದರಲ್ಲೇ ಮುಗಿದರೆ ಒಳ್ಳೆಯದು, ನನ್ನ ಅಗತ್ಯ ಬೀಳುವುದಿಲ್ಲ. ಮುಗಿಯದಿದ್ದರೆ ಮೂರು ದಾರಿ ಇವೆ. ಜನ ಸಾಮಾನ್ಯವಾಗಿ ನೇರ ಸಿವಿಲ್ ದಾವೆಯ ಮಾತೆತ್ತುತ್ತಾರೆ. ಅದು ಕೊನೆಯದಿರಲಿ.

ಮೊದಲನೆಯದು ಪೊಲೀಸ್ ದೂರು. ಶಬ್ದದ ನಿಯಮಗಳಲ್ಲಿ ಕ್ರಮ ಕೈಗೊಳ್ಳುವ ಅಧಿಕಾರ ಜಿಲ್ಲಾಧಿಕಾರಿ, ಪೊಲೀಸ್ ಕಮಿಷನರ್, ಅಥವಾ ಡಿವೈಎಸ್ಪಿ ದರ್ಜೆಗೆ ಕಡಿಮೆ ಇಲ್ಲದ, ಅದಕ್ಕೆ ನೇಮಿಸಿದ ಅಧಿಕಾರಿಯದು. ಹಾಗಾಗಿ ಠಾಣೆಗೆ ಕೊಡುವ ಅರ್ಜಿಯ ಒಂದು ಪ್ರತಿ ಮೇಲಿನವರಿಗೂ ಕಳಿಸಿ. ಸ್ವೀಕೃತಿ ಪಡೆಯದೆ ಅಲ್ಲಿಂದ ಏಳಬೇಡಿ.

ಎರಡನೆಯದು ಸಾರ್ವಜನಿಕ ಉಪದ್ರವದ ದಾರಿ. ಹಿಂದೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 133 ಅನ್ನುತ್ತಿದ್ದೆವು. 2024ರ ಜುಲೈ 1ರಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ತಹಶೀಲ್ದಾರ್ ಅಥವಾ ಎಸಿ (ಉಪವಿಭಾಗಾಧಿಕಾರಿ) ಮಟ್ಟದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಉಪದ್ರವ ತೆಗೆಯಲು ಆದೇಶ ಕೊಡಬಹುದು. ಇದರ ಬಲ ಎಷ್ಟು ಅಂತ ತಿಳಿಯಲು ರತ್ಲಾಮ್ ಪ್ರಕರಣ ನೋಡಿ. ಮಧ್ಯಪ್ರದೇಶದ ಆ ಊರಿನ ಒಂದು ಬೀದಿಯವರು ಚರಂಡಿ, ದುರ್ವಾಸನೆ ಸಹಿಸಲಾರದೆ ಮ್ಯಾಜಿಸ್ಟ್ರೇಟರ ಹತ್ತಿರ ಹೋದರು. ಪುರಸಭೆ ದುಡ್ಡಿಲ್ಲ ಅಂತ ಕೈಚೆಲ್ಲಿತು. 1980ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನೆಪವನ್ನು ಒಪ್ಪಲಿಲ್ಲ, ಕೆಲಸ ಮಾಡಿ ಅಂದರು. ಆ ಬೀದಿಯವರು ಯಾರೂ ದೊಡ್ಡ ಮನುಷ್ಯರಲ್ಲ, ನಿಮ್ಮಂಥ ನಮ್ಮಂಥ ನಿವಾಸಿಗಳು. ಆದರೆ ಒಬ್ಬಿಬ್ಬರಿಗೆ ಮಾತ್ರ ಆಗುವ ತೊಂದರೆಗೆ ಈ ಕಲಂ ಹೊಂದುವುದಿಲ್ಲ. ಖಾಲಿ ಸೈಟಿನ ಕಸಕ್ಕೆ ಹೊಂದುತ್ತದೆ, ಗೇಟಿನ ಕಾರಿಗೆ ಇಲ್ಲ.

ಮೂರನೆಯದು ಖಾಯಂ ಲೋಕ್ ಅದಾಲತ್. ನೀರು, ವಿದ್ಯುತ್, ನೈರ್ಮಲ್ಯದಂಥ ಸಾರ್ವಜನಿಕ ಸೇವೆಯ ತಕರಾರುಗಳು ಅದರ ವ್ಯಾಪ್ತಿಗೆ ಬರುತ್ತವೆ. ಕೋರ್ಟ್ ಫೀ ಇಲ್ಲ. ರಾಜಿ ಆಗದಿದ್ದರೆ ಅದೇ ತೀರ್ಪು ಕೊಡಬಹುದು. ಕಸದ ಆಟೋ ಬರುವುದೇ ಇಲ್ಲ ಅನ್ನುವವರಿಗೆ ಇದು ಒಳ್ಳೆಯ ಜಾಗ. ಇಷ್ಟೊಂದು ಉಪಯೋಗದ ವ್ಯವಸ್ಥೆಯನ್ನು ಇಷ್ಟು ಕಡಿಮೆ ಜನ ಬಳಸುವುದು ನೋಡಿದರೆ ನನಗೆ ಆಶ್ಚರ್ಯ.

ಬೆಂಗಳೂರಿನಿಂದ, ಕಾರಿನ ಬಗ್ಗೆ

ಗೇಟಿಗೆ "ನೋ ಪಾರ್ಕಿಂಗ್" ಬೋರ್ಡ್ ಹಾಕಿಯೇ ಇರುತ್ತೀರಿ, ಅದನ್ನು ಯಾರೂ ನೋಡಲ್ಲ. ನಮ್ಮ ಅನುಭವದಲ್ಲಿ ಗೇಟಿಗೆ ಕಾರು ಅಡ್ಡ ಇಡುವವರು ಹೆಚ್ಚಾಗಿ ಈ ರಸ್ತೆಯವರಲ್ಲ, ಹತ್ತಿರದ ಕ್ಲಿನಿಕ್ಕಿಗೋ ಹೋಟೆಲಿಗೋ ಬಂದವರು. ನಾವು ಆ ಹೋಟೆಲಿನ ಕ್ಯಾಷಿಯರ್ ಹತ್ತಿರ ಮಾತಾಡಿಕೊಂಡೆವು. ಕಾರಿನ ನಂಬರ್ ಹೇಳಿದರೆ ಅವರೇ ಒಳಗೆ ಕೂಗಿ ಹೇಳುತ್ತಾರೆ, ಇಡ್ಲಿ ಅರ್ಧಕ್ಕೆ ಬಿಟ್ಟು ಓಡಿ ಬರುತ್ತಾರೆ. ರಾತ್ರಿಯಿಡೀ ನಿಲ್ಲುವ ಕಾರಾದರೆ ನಂಬರ್ ಪ್ಲೇಟ್ ಕಾಣುವ ಹಾಗೆ ಫೋಟೋ ತೆಗೆದು ಟ್ರಾಫಿಕ್ ಪೊಲೀಸರ ಆ್ಯಪಿಗೆ ಹಾಕಿ.

ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಜಾಗ ಹಿಡಿಯಲು ನಿಮ್ಮ ಮನೆ ಮುಂದೆ ರಸ್ತೆಗೆ ಹೂವಿನ ಕುಂಡ, ಕಲ್ಲು ಇಟ್ಟಿದ್ದರೆ ಮೊದಲು ಅದನ್ನು ಒಳಗೆ ತಗೊಳ್ಳಿ. ರಸ್ತೆ ನಿಮ್ಮದೂ ಅಲ್ಲ. ಪೊಲೀಸರು ಬಂದರೆ ಮೊದಲು ಕಣ್ಣಿಗೆ ಬೀಳುವುದು ಅದೇ.