ಅಪ್‌ಡೇಟ್: ವರ್ಚುವಲ್ ಅಸಿಸ್ಟೆಂಟ್ ಕೆಲಸದ ಉಪಗುತ್ತಿಗೆ, ದರ ಎಷ್ಟು, ಹೊಣೆ ಯಾರದು?

ನಾನು ವರ್ಚುವಲ್ ಅಸಿಸ್ಟೆಂಟ್, ಅಂದರೆ ಗ್ರಾಹಕರ ಕಚೇರಿ ಕೆಲಸವನ್ನು ದೂರದಿಂದಲೇ ಆನ್‌ಲೈನ್‌ನಲ್ಲಿ ಮಾಡಿಕೊಡುವವರು. ಗ್ರಾಹಕರು ನನಗೆ ಗಂಟೆಗೆ 600 ರೂಪಾಯಿ ಕೊಡುವ ಡೇಟಾ ಎಂಟ್ರಿಯನ್ನು ಇನ್ನೊಬ್ಬರಿಗೆ 250ಕ್ಕೆ ಕೊಡಬಹುದೇ ಎಂದು ಹಿಂದೆ ಕೇಳಿದ್ದೆ. ಈಗ ಅವರಿಗೆ ಕೊಡುವ ದರ 420ಕ್ಕೆ ನಿಂತಿದೆ. ಉಳಿದ 180ರಲ್ಲೇ ಪರಿಶೀಲನೆ, ಗ್ರಾಹಕರ ಜತೆ ಮಾತುಕತೆ, ಪಾವತಿ ಶುಲ್ಕ. ಪ್ರತಿ ಗಂಟೆಯ ಕೆಲಸಕ್ಕೆ ಕಾಲು ಗಂಟೆ ಮೀರಿ ತಿದ್ದಬೇಕಾದರೆ, ಬಹುತೇಕ ಸಲ ಕೆಟ್ಟಿರುವುದು ನಾವು ಕೊಟ್ಟ ಸೂಚನೆ. ಅದಕ್ಕೆ ಅವರ ದುಡ್ಡು ಕತ್ತರಿಸುವುದು ಅನ್ಯಾಯ.

ಹೊಣೆಯ ಮಾತು: 1872ರ ಭಾರತೀಯ ಕರಾರು ಕಾಯ್ದೆಯ 192ನೇ ಸೆಕ್ಷನ್ ಪ್ರಕಾರ, ಅನುಮತಿ ಪಡೆದು ನೇಮಿಸಿದ ಉಪ ಏಜೆಂಟರ (ಇಲ್ಲಿ ಕೆಲಸ ಪಡೆದ ಇನ್ನೊಬ್ಬರು) ಕೆಲಸಕ್ಕೂ ಗ್ರಾಹಕರೆದುರು ಏಜೆಂಟೇ, ಅಂದರೆ ನಾನೇ, ಜವಾಬ್ದಾರ. ಹಾಗಾಗಿ ಮೊದಲು ಗ್ರಾಹಕರ ಲಿಖಿತ ಒಪ್ಪಿಗೆ. ‘ಗ್ರಾಹಕರು ಹಣ ಕೊಟ್ಟರೆ ನಿಮಗೆ ಕೊಡುತ್ತೇನೆ’ ಎಂಬ ಷರತ್ತು ತೆಗೆದೆ; ಕೆಲಸ ಒಪ್ಪಿಸಿದ 7 ದಿನದೊಳಗೆ ಅವರಿಗೆ ಹಣ, ಅವರಿಂದ ಒಂದು ಸುತ್ತು ತಿದ್ದುಪಡಿ ಉಚಿತ. ಪಾಸ್‌ವರ್ಡ್ ಹಂಚಿಕೆ ಇಲ್ಲ, ಅವರಿಗೆ ಪ್ರತ್ಯೇಕ ಲಾಗಿನ್.