ಸಹಾಯ ಬೇಕು: ಲೂಯಿ ಲೆ ಪ್ರಿನ್ಸ್ ಪೇಟೆಂಟ್ ಕಡತ

ನಮಸ್ಕಾರ. ಚಲನಚಿತ್ರ ಕ್ಯಾಮೆರಾವನ್ನು ಮೊದಲು ಕಂಡುಹಿಡಿದವರು ಯಾರು ಎಂಬ ಹಳೆಯ ಜಗಳದ ಕುರಿತು ಲೇಖನ ಬರೆಯುತ್ತಿದ್ದೇನೆ. ಎಡಿಸನ್, ಲೂಮಿಯೇರ್ ಸಹೋದರರ ಸಾಮಗ್ರಿ ಬೇಕಾದಷ್ಟು ಸಿಕ್ಕಿದೆ. ತೊಡಕಾಗಿರುವುದು ಫ್ರೆಂಚ್ ಸಂಶೋಧಕ ಲೂಯಿ ಲೆ ಪ್ರಿನ್ಸ್ ವಿಷಯ.

ಈತ 1888ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಅತ್ತೆ ಮಾವಂದಿರು ತೋಟದಲ್ಲಿ ಅಡ್ಡಾಡುವುದನ್ನು ಕಾಗದದ ಸುರುಳಿಯ ಮೇಲೆ ಸೆರೆಹಿಡಿದ. ಅತ್ತೆ ಅದೇ ತಿಂಗಳ 24ರಂದು ತೀರಿಕೊಂಡರು; ಹಾಗಾಗಿ ಕಾಲದ ಬಗ್ಗೆ ತಕರಾರಿಗೆ ಎಡೆ ಕಡಿಮೆ. 1890ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಡಿಜೋನ್‌ನಲ್ಲಿ ರೈಲು ಹತ್ತಿದವನು ಮತ್ತೆ ಕಾಣಿಸಲೇ ಇಲ್ಲ. ಎಡಿಸನ್ನನೇ ಕೊಲ್ಲಿಸಿದ ಎನ್ನುವ ವಿಡಿಯೊಗಳನ್ನು ದಯವಿಟ್ಟು ಕಳುಹಿಸಬೇಡಿ, ಸಾಕಾಗಿದೆ.

ನನಗೆ ಬೇಕಿರುವುದು ಲೆ ಪ್ರಿನ್ಸ್‌ಗೆ ಸಿಕ್ಕ ಅಮೆರಿಕದ ಪೇಟೆಂಟ್ 376,247ರ ಪತ್ರವ್ಯವಹಾರ. ಅವನ ಹದಿನಾರು ಮಸೂರಗಳ ಕ್ಯಾಮೆರಾವನ್ನು ಒಪ್ಪಿದ ಪೇಟೆಂಟ್ ಕಚೇರಿ ಒಂದೇ ಮಸೂರದ ಕ್ಯಾಮೆರಾದ ಹಕ್ಕನ್ನು ಏಕೆ ಒಪ್ಪಲಿಲ್ಲ ಎಂಬುದನ್ನು ಮೂಲದಲ್ಲೇ ಓದಬೇಕು. ಜೊತೆಗೆ, ಚಲನಚಿತ್ರ ತಯಾರಿಸುತ್ತಿದ್ದ ಅಮೆರಿಕನ್ ಮ್ಯುಟೊಸ್ಕೋಪ್ ಕಂಪನಿಯ ಮೇಲೆ ಎಡಿಸನ್ ಹೂಡಿದ ಮೊಕದ್ದಮೆಯಲ್ಲಿ ಲೆ ಪ್ರಿನ್ಸ್‌ನ ಮಗ ಅಡಾಲ್ಫ್ ನುಡಿದ ಸಾಕ್ಷ್ಯ ಸಿಕ್ಕರೆ ಇನ್ನೂ ಒಳ್ಳೆಯದು. ಆ ತೋಟದ ಚಿತ್ರದಲ್ಲಿ ಅವನೂ ಇದ್ದಾನೆ.

ಅಮೆರಿಕದ ರಾಷ್ಟ್ರೀಯ ಪತ್ರಾಗಾರದಿಂದ ಹಳೆಯ ಕಡತ ತರಿಸಿಕೊಂಡ ಅನುಭವ ಯಾರಿಗಾದರೂ ಇದೆಯೇ? ಅರ್ಜಿ ಹಾಕುವ ಕ್ರಮ ತಿಳಿಸಿದರೂ ಸಾಕು. ಪ್ರತಿ ತೆಗೆಸುವ ಖರ್ಚು ನನ್ನದೇ.