ಬ್ರೆಕ್ಸಿಟ್ ಸೂಚಕ ಮತದಾನ: ಎಲ್ಲ ಆಯ್ಕೆಗಳೂ ಬಿದ್ದದ್ದು ಹೇಗೆ?

ತುಂಗಾತೀರ (ಪ್ರಶ್ನೆ):

ಎಂ.ಎ. ಸೆಮಿನಾರಿಗೆ ವಿಷಯ: ಬ್ರಿಟನ್ ಐರೋಪ್ಯ ಒಕ್ಕೂಟ ಬಿಡುವ ದಾರಿ ಯಾವುದೆಂದು 2019ರಲ್ಲಿ ಹೌಸ್ ಆಫ್ ಕಾಮನ್ಸ್ (ಬ್ರಿಟಿಷ್ ಸಂಸತ್ತಿನ ಕೆಳಮನೆ) ನಡೆಸಿದ ಸೂಚಕ ಮತದಾನ, ಅಂದರೆ ಯಾವ ಆಯ್ಕೆಗೆ ಬೆಂಬಲವಿದೆ ಎಂದು ತಿಳಿಯುವ ಮತ. ಮಾರ್ಚ್ 27ರಂದು ಎಂಟು ನಿರ್ಣಯಗಳು ಮತಕ್ಕೆ ಬಂದವು, ಎಂಟೂ ಬಿದ್ದವು. ಏಪ್ರಿಲ್ 1ರಂದು ನಾಲ್ಕು, ಅವೂ ಬಿದ್ದವು. ಕಸ್ಟಮ್ಸ್ ಒಕ್ಕೂಟದ (ಒಳಗೆ ಸುಂಕ ಇಲ್ಲ, ಹೊರಗಿನವರಿಗೆ ಒಂದೇ ಸುಂಕ) ನಿರ್ಣಯ ಸೋತಿದ್ದು 273–276ರಲ್ಲಿ, ಅಂದರೆ ಬರೀ 3 ಮತ.

ಸದನದಲ್ಲಿ ಯಾವುದಕ್ಕೂ ಬಹುಮತ ಇರಲಿಲ್ಲ ಎಂದು ಬರೆದು ಮುಗಿಸಬಹುದು. ಆದರೆ ನನಗೆ ಅದು ಅರ್ಧ ಉತ್ತರ ಅನ್ನಿಸುತ್ತಿದೆ. ಬಹುಮತ ನಿಜವಾಗಿಯೂ ಇರಲಿಲ್ಲವೋ, ಅಥವಾ ಮತ ಕೇಳಿದ ವಿಧಾನವೇ ಅದನ್ನು ಹೊರಬರಲು ಬಿಡಲಿಲ್ಲವೋ? ಒಂದು, ಎರಡು, ಮೂರು ಎಂದು ಆದ್ಯತೆ ಬರೆಸಿದ್ದರೆ ಫಲಿತಾಂಶ ಬೇರೆ ಆಗುತ್ತಿತ್ತೇ? ತಿಳಿದವರು ಅಂಕಿಅಂಶ ಸಹಿತ ಹೇಳಿದರೆ ಉಪಕಾರ.

ದಫ್ತರ:

ಮೊದಲು ನಡೆದ ಕ್ರಮ ನೋಡಿ, ಅರ್ಧ ಗೊಂದಲ ಅಲ್ಲೇ ಇದೆ.

ಆಗಿನ ಪ್ರಧಾನಿ ಥೆರೇಸಾ ಮೇ ಐರೋಪ್ಯ ಒಕ್ಕೂಟದ ಜತೆ ಮಾಡಿ ತಂದ ಒಪ್ಪಂದ ಜನವರಿ 15ರಂದು 202–432ರಲ್ಲಿ, ಮಾರ್ಚ್ 12ರಂದು 242–391ರಲ್ಲಿ ಸೋತಿತ್ತು. ಕಾಮನ್ಸ್‌ನಲ್ಲಿ ದಿನದ ಕಲಾಪದ ಮೇಲೆ ಹಿಡಿತ ಸರ್ಕಾರದ್ದು. ಸ್ಥಾಯಿ ನಿಯಮ 14 ಸರ್ಕಾರದ ಕೆಲಸಕ್ಕೇ ಆದ್ಯತೆ ಕೊಡುತ್ತದೆ. ಹಾಗಾಗಿ ಪರ್ಯಾಯಗಳ ಮೇಲೆ ಮತ ಹಾಕಬೇಕಾದರೆ ಆ ನಿಯಮವನ್ನು ಒಂದು ದಿನದ ಮಟ್ಟಿಗೆ ಬದಿಗಿಡಬೇಕಿತ್ತು. ಕನ್ಸರ್ವೇಟಿವ್ ಸದಸ್ಯ ಆಲಿವರ್ ಲೆಟ್ವಿನ್ ಅವರ ತಿದ್ದುಪಡಿ ಮಾಡಿದ್ದು ಅದನ್ನೇ. ಮಾರ್ಚ್ 25ರಂದು ಅದು 329–302ರಲ್ಲಿ ಗೆದ್ದಿತು. ಅದರ ಪರ ಮತ ಹಾಕಲು ಮೂವರು ಕಿರಿಯ ಸಚಿವರು ರಾಜೀನಾಮೆಯನ್ನೂ ಕೊಟ್ಟರು.

27ಕ್ಕೆ 16 ನಿರ್ಣಯಗಳು ಸಲ್ಲಿಕೆಯಾಗಿದ್ದವು. ಸ್ಪೀಕರ್ ಜಾನ್ ಬರ್ಕೋ ಎಂಟನ್ನು ಆರಿಸಿದರು. ಮಾಮೂಲಿಯಾಗಿ ಸದಸ್ಯರು ಎದ್ದುಹೋಗಿ ಪರ–ವಿರುದ್ಧ ಲಾಬಿಗಳಲ್ಲಿ ಹಾದು ಎಣಿಸಿಕೊಳ್ಳುತ್ತಾರೆ. ಒಂದು ಮತಕ್ಕೆ ಸುಮಾರು ಕಾಲು ಗಂಟೆ. ಎಂಟಕ್ಕೆ ಎರಡು ಗಂಟೆ ಬೇಕು. ಅದಕ್ಕಿಂತ ಮುಖ್ಯವಾಗಿ, ಒಂದೊಂದರ ಫಲಿತಾಂಶ ನೋಡಿಕೊಂಡು ಮುಂದಿನದಕ್ಕೆ ಲೆಕ್ಕ ಹಾಕಿ ಮತ ಹಾಕುತ್ತಾರೆ. ಅದನ್ನು ತಪ್ಪಿಸಲು ಕಾಗದದ ಮತಪತ್ರ ಕೊಟ್ಟರು: ಪ್ರತಿ ನಿರ್ಣಯದ ಮುಂದೆ ಹೌದು ಅಥವಾ ಇಲ್ಲ, ಅರ್ಧ ಗಂಟೆ ಸಮಯ, ಎಷ್ಟಕ್ಕೆ ಬೇಕಾದರೂ ಹೌದು ಎನ್ನಬಹುದು, ಖಾಲಿಯೂ ಬಿಡಬಹುದು. ಗುಪ್ತ ಮತದಾನವಲ್ಲ. ಯಾರು ಏನು ಗುರುತು ಹಾಕಿದರು ಎಂಬುದು ಹೆಸರು ಸಮೇತ ಪ್ರಕಟವಾಯಿತು.

ಅಂದು ಸ್ಪೀಕರ್ ಓದಿದ ಅಂಕಿ: ಒಪ್ಪಂದವಿಲ್ಲದೆ ನಿರ್ಗಮನ 160–400, ಕಾಮನ್ ಮಾರ್ಕೆಟ್ 2.0 (ಕಸ್ಟಮ್ಸ್ ಒಕ್ಕೂಟದ ಜತೆ ಸಿಂಗಲ್ ಮಾರ್ಕೆಟ್, ಅಂದರೆ ಒಂದೇ ನಿಯಮಾವಳಿಯ ಮಾರುಕಟ್ಟೆ) 188–283, ಎಫ್ಟಾ (ಐರೋಪ್ಯ ಮುಕ್ತ ವ್ಯಾಪಾರ ಸಂಘ) ಮತ್ತು ಇಇಎ (ಐರೋಪ್ಯ ಆರ್ಥಿಕ ವಲಯ) ಸದಸ್ಯತ್ವ 65–377, ಕಸ್ಟಮ್ಸ್ ಒಕ್ಕೂಟ 264–272, ಲೇಬರ್ ಪಕ್ಷದ ಯೋಜನೆ 237–307, ಒಪ್ಪಂದವಿಲ್ಲದ ನಿರ್ಗಮನ ತಪ್ಪಿಸಲು ಒಕ್ಕೂಟ ಬಿಡುವುದಾಗಿ ಕೊಟ್ಟ ಸೂಚನೆಯನ್ನೇ ಹಿಂತೆಗೆಯುವುದು 184–293, ದೃಢೀಕರಣ ಜನಮತ 268–295, ತಾತ್ಕಾಲಿಕ ಆದ್ಯತಾ ವ್ಯಾಪಾರ ವ್ಯವಸ್ಥೆ 139–422.

ಏಪ್ರಿಲ್ 1ರಂದು: ಕಸ್ಟಮ್ಸ್ ಒಕ್ಕೂಟ 273–276, ಕಾಮನ್ ಮಾರ್ಕೆಟ್ 261–282, ಜನಮತ 280–292, ಹಿಂತೆಗೆತದ ಹೊಸ ರೂಪ 191–292.

ಈಗ ಹಾಜರಿ ಲೆಕ್ಕ ಹಾಕಿ. ಒಟ್ಟು 650. ಅದರಲ್ಲಿ ಸಿನ್ ಫೇನ್ ಪಕ್ಷದ 7 ಮಂದಿ ಸದನಕ್ಕೇ ಬರುವುದಿಲ್ಲ, ಸ್ಪೀಕರ್ ಮತ್ತು ಮೂವರು ಉಪಸ್ಪೀಕರ್‌ಗಳು ಮತ ಹಾಕುವುದಿಲ್ಲ, ನ್ಯೂಪೋರ್ಟ್ ವೆಸ್ಟ್ ಕ್ಷೇತ್ರ ಖಾಲಿ ಇತ್ತು. ಉಳಿದದ್ದು 638. ಕಸ್ಟಮ್ಸ್ ಒಕ್ಕೂಟಕ್ಕೆ ಬಿದ್ದ ಒಟ್ಟು ಮತ 549. ಅಂದರೆ 89 ಮಂದಿ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಸೋಲಿನ ಅಂತರ 3. ಸಂಪುಟ ಸಚಿವರು ಮತ ಹಾಕಲೇ ಇಲ್ಲ. 35 ಸದಸ್ಯರಿದ್ದ ಸ್ಕಾಟಿಷ್ ನ್ಯಾಷನಲ್ ಪಾರ್ಟಿ (ಎಸ್‌ಎನ್‌ಪಿ) ಇದೊಂದರಲ್ಲಿ ತಟಸ್ಥವಾಯಿತು. ಸಿಂಗಲ್ ಮಾರ್ಕೆಟ್ ಇಲ್ಲದ ಕಸ್ಟಮ್ಸ್ ಒಕ್ಕೂಟ ಅವರಿಗೆ ಸಾಲದು. ಲಿಬರಲ್ ಡೆಮಾಕ್ರಟರೂ ಹೊಸ ಇಂಡಿಪೆಂಡೆಂಟ್ ಗ್ರೂಪಿನವರೂ ಜನಮತಕ್ಕೇ ಅಂಟಿಕೊಂಡಿದ್ದರು.

ಇನ್ನೊಂದು ಸ್ವಾರಸ್ಯ. ಇವೆರಡು ಸುತ್ತುಗಳ ನಡುವೆ, ಮಾರ್ಚ್ 29ರಂದು, ಮೇ ಅವರ ನಿರ್ಗಮನ ಒಪ್ಪಂದ ಮೂರನೇ ಸಲ 286–344ರಲ್ಲಿ ಬಿತ್ತು. ಆ 286 ಇದೆಯಲ್ಲ, ಅಷ್ಟು ಹೌದು ಮತ ಎರಡು ಸುತ್ತಿನ ಯಾವ ಪರ್ಯಾಯಕ್ಕೂ ಬರಲಿಲ್ಲ. ಹೌದು ಮತ ಎಣಿಸಿದರೆ ಮುಂದಿದ್ದದ್ದು ಮೇ ಒಪ್ಪಂದ, ನಂತರ ಜನಮತ (280). ಅಂತರ ನೋಡಿದರೆ ಕಸ್ಟಮ್ಸ್ ಒಕ್ಕೂಟ. ಯಾವುದು ಹೆಚ್ಚು ಜನಪ್ರಿಯ ಎಂಬ ಪ್ರಶ್ನೆಗೇ ಈ ಮತಪತ್ರದಲ್ಲಿ ಒಂದೇ ಉತ್ತರ ಇಲ್ಲ.

ಸುಂಕದಕಟ್ಟೆ:

ದಫ್ತರ ಅವರ ಅಂಕಿಗಳು ಸರಿ ಇವೆ. ಆದರೆ ಕಡೆಗಣಿಸಬಾರದ ತೊಡಕು ಪಟ್ಟಿಯ ಒಳಗೇ ಇತ್ತು: ಆ ಎಂಟು ಒಂದೇ ಪ್ರಶ್ನೆಗೆ ಎಂಟು ಉತ್ತರಗಳಲ್ಲ.

ಐರೋಪ್ಯ ಒಕ್ಕೂಟದ ಜತೆ ಆಗಿದ್ದು ಎರಡು ದಾಖಲೆ. 585 ಪುಟದ ನಿರ್ಗಮನ ಒಪ್ಪಂದ: ಬಾಕಿ ಹಣ, ನಾಗರಿಕರ ಹಕ್ಕು, 2020ರ ಡಿಸೆಂಬರ್ 31ರವರೆಗಿನ ಸಂಕ್ರಮಣ ಅವಧಿ, ಐರ್ಲೆಂಡ್ ಗಡಿಯಲ್ಲಿ ಠಾಣೆ ಬಾರದಂತೆ ಕಾಯುವ ಬ್ಯಾಕ್‌ಸ್ಟಾಪ್. ಇದು ಕಾನೂನುಬದ್ಧ. ಇನ್ನೊಂದು 26 ಪುಟದ ರಾಜಕೀಯ ಘೋಷಣೆ, ಮುಂದಿನ ಸಂಬಂಧ ಹೇಗಿರಬೇಕೆಂಬ ಆಶಯ ಅಷ್ಟೆ. ಬ್ರಸೆಲ್ಸ್ ಮೊದಲನೆಯದನ್ನು ತೆರೆಯುವುದಿಲ್ಲ, ಎರಡನೆಯದನ್ನು ಬೇಕಾದರೆ ತಿದ್ದೋಣ ಎಂದಿತ್ತು. ಹಾಗಾಗಿ ಕೆನ್ ಕ್ಲಾರ್ಕ್ ಅವರ ಕಸ್ಟಮ್ಸ್ ಒಕ್ಕೂಟ ಗೆದ್ದಿದ್ದರೂ ಮೇ ಅವರ 585 ಪುಟಗಳನ್ನು ಒಪ್ಪಲೇಬೇಕಿತ್ತು. ಕಾಮನ್ ಮಾರ್ಕೆಟ್ 2.0 ಕೂಡ ಹಾಗೇ. ಜನಮತ ಎಂಬುದು ತಲುಪುವ ಜಾಗವಲ್ಲ, ಯಾವ ಒಪ್ಪಂದ ಬಂದರೂ ಅದನ್ನು ಜನರ ಮುಂದಿಡಿ ಎಂಬ ಷರತ್ತು. ಹಿಂತೆಗೆತವಂತೂ ಕೊನೆಯ ಗಳಿಗೆಯ ಬ್ರೇಕ್. ಏಕಪಕ್ಷೀಯವಾಗಿ ಹಿಂತೆಗೆಯಬಹುದೆಂದು ಐರೋಪ್ಯ ನ್ಯಾಯಾಲಯ 2018ರ ಡಿಸೆಂಬರ್ 10ರಂದು ತೀರ್ಪು ಕೊಟ್ಟಿದ್ದರಿಂದ ಅದು ಪಟ್ಟಿಗೆ ಬಂತು. ಕಸ್ಟಮ್ಸ್ ಒಕ್ಕೂಟವೂ ಬೇಕು, ಜನಮತವೂ ಬೇಕು ಎನ್ನುವವರು ಇದ್ದರು. ಒಂದನ್ನೊಂದು ತಳ್ಳಿಹಾಕದ ವಸ್ತುಗಳನ್ನು ಸಾಲಾಗಿ ನಿಲ್ಲಿಸಿ ಓಟಕ್ಕೆ ಬಿಟ್ಟ ಹಾಗಾಯಿತು.

ಕಸ್ಟಮ್ಸ್ ಒಕ್ಕೂಟಕ್ಕೂ ಸಿಂಗಲ್ ಮಾರ್ಕೆಟ್‌ಗೂ ಇರುವ ವ್ಯತ್ಯಾಸ ನಿಮ್ಮ ಟಿಪ್ಪಣಿಯಲ್ಲಿ ಸ್ಪಷ್ಟ ಇರಲಿ, ಅನೇಕರು ಕಲಸಿಬಿಡುತ್ತಾರೆ. ಕಸ್ಟಮ್ಸ್ ಒಕ್ಕೂಟ ಅಂದರೆ ಒಳಗೆ ಸುಂಕ ಇಲ್ಲ, ಹೊರಗಿನವರಿಗೆ ಒಂದೇ ಸುಂಕ. ಸರಕಿನ ಸುಂಕದ ಮೇಲೆ ಸ್ವಂತ ವ್ಯಾಪಾರ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯ ಹೋಗುತ್ತದೆ. ಜನರ ಮುಕ್ತ ಸಂಚಾರ ಅದರಲ್ಲಿ ಬರುವುದಿಲ್ಲ. ಸಿಂಗಲ್ ಮಾರ್ಕೆಟ್ ಅಂದರೆ ಸರಕಿನ ಗುಣಮಟ್ಟ, ಸೇವೆ, ಬಂಡವಾಳ, ಜನಸಂಚಾರ ಎಲ್ಲಕ್ಕೂ ಒಂದೇ ನಿಯಮಾವಳಿ. ನಾರ್ವೆ ಸಿಂಗಲ್ ಮಾರ್ಕೆಟ್‌ನಲ್ಲಿದೆ, ಕಸ್ಟಮ್ಸ್ ಒಕ್ಕೂಟದಲ್ಲಿಲ್ಲ. ಸ್ವೀಡನ್ ಗಡಿಯಲ್ಲಿ ಸುಂಕದ ಠಾಣೆ ಇದೆ. ಟರ್ಕಿ ಕೈಗಾರಿಕಾ ಸರಕಿಗೆ ಕಸ್ಟಮ್ಸ್ ಒಕ್ಕೂಟದಲ್ಲಿದೆ, ಸಿಂಗಲ್ ಮಾರ್ಕೆಟ್‌ನಲ್ಲಿಲ್ಲ; ಬಲ್ಗೇರಿಯಾ ಗಡಿಯಲ್ಲಿ ಲಾರಿಗಳ ಸಾಲು ನಿಲ್ಲುತ್ತದೆ, ಏಕೆಂದರೆ ಸಾಗಣೆ ಪರವಾನಗಿ ಮತ್ತು ತಪಾಸಣೆ ಉಳಿದೇ ಇವೆ. ಉತ್ತರ ಐರ್ಲೆಂಡ್ ಗಡಿಯಲ್ಲಿ ಯಾವ ಠಾಣೆಯೂ ಬೇಡ ಎಂದರೆ ಕಸ್ಟಮ್ಸ್ ಒಕ್ಕೂಟ ಪೂರ್ತಿ, ಸಿಂಗಲ್ ಮಾರ್ಕೆಟ್‌ನ ಸರಕಿನ ಭಾಗ, ಎರಡೂ ಬೇಕು.

ಈ ಬೆಳಕಿನಲ್ಲಿ 65–377 ನೋಡಿ. ಜಾರ್ಜ್ ಯೂಸ್ಟಿಸ್ ಅವರ ಎಫ್ಟಾ ನಿರ್ಣಯ ಕಸ್ಟಮ್ಸ್ ಒಕ್ಕೂಟವನ್ನು ಹೊರಗಿಟ್ಟಿತ್ತು, ಐರ್ಲೆಂಡ್ ಗಡಿ ಸಮಸ್ಯೆ ಹಾಗೇ ಉಳಿಯಿತು. ನಿಕ್ ಬೋಲ್ಸ್ ಅವರ ಕಾಮನ್ ಮಾರ್ಕೆಟ್ 2.0 ಎರಡನ್ನೂ ಕೂಡಿಸಿತು. ಗಡಿಗೆ ಸರಿ. ಆದರೆ ಮುಕ್ತ ಸಂಚಾರ ಮುಂದುವರಿಯುತ್ತದೆ, ಮತ್ತು ನಿರ್ಗಮನಕ್ಕೆ ಮತ ಹಾಕಿದ ಕ್ಷೇತ್ರಗಳ ಲೇಬರ್ ಸದಸ್ಯರಿಗೆ ಅದನ್ನು ನುಂಗುವುದು ಕಷ್ಟ. ಎರಡನೇ ಸುತ್ತಿನಲ್ಲಿ ಲೇಬರ್ ವಿಪ್ ಮತ್ತು ಎಸ್‌ಎನ್‌ಪಿ ಬೆಂಬಲದಿಂದ ಅದು 188ರಿಂದ 261ಕ್ಕೆ ಏರಿತು, ಅಲ್ಲೇ ನಿಂತಿತು. ತಾಂತ್ರಿಕವಾಗಿ ಪೂರ್ಣವಾಗಿದ್ದದ್ದು ಇದೊಂದೇ ಎಂಬುದು ನನ್ನ ಅಭಿಪ್ರಾಯ. ಪೂರ್ಣವಾಗಿದ್ದಷ್ಟೂ ಶತ್ರುಗಳು ಹೆಚ್ಚು.

ಬೀಜಗಣಿತ:

ಆದ್ಯತೆ ಬರೆಸಿದ್ದರೆ ಎಂದು ಕೇಳಿದ್ದೀರಿ. ಹೇಗೆ ಎಣಿಸುತ್ತೀರಿ ಎನ್ನುವುದರ ಮೇಲೆ ನಿಂತಿದೆ.

ಕಾಲ್ಪನಿಕ ಸದನ, 100 ಮಂದಿ, ಮೂರು ಆಯ್ಕೆ. 38 ಮಂದಿಗೆ ಮೊದಲು ಒಪ್ಪಂದ, ನಂತರ ಕಸ್ಟಮ್ಸ್, ಕೊನೆಗೆ ಜನಮತ. 35 ಮಂದಿಗೆ ಮೊದಲು ಜನಮತ, ನಂತರ ಕಸ್ಟಮ್ಸ್, ಕೊನೆಗೆ ಒಪ್ಪಂದ. ಉಳಿದ 27 ಮಂದಿಗೆ ಮೊದಲು ಕಸ್ಟಮ್ಸ್. ಹೌದು–ಇಲ್ಲ ಕೇಳಿ ಎಲ್ಲರೂ ತಮ್ಮ ಮೊದಲನೆಯದಕ್ಕೆ ಮಾತ್ರ ಹೌದು ಎಂದರೆ ಮೂರೂ ಬೀಳುತ್ತವೆ. ಕಾಮನ್ಸ್‌ನಲ್ಲಿ ಬಹುಮಟ್ಟಿಗೆ ಆದದ್ದು ಇದೇ.

ಸರಿ, ಕನಿಷ್ಠ ಮತ ಬಂದದ್ದನ್ನು ಒಂದೊಂದಾಗಿ ಕೈಬಿಡೋಣ. ಮೊದಲು ಹೋಗುವುದು 27 ಬಂದ ಕಸ್ಟಮ್ಸ್! ಆದರೆ ಜೋಡಿ ಜೋಡಿಯಾಗಿ ಕೇಳಿದರೆ ಕಸ್ಟಮ್ಸ್ ಒಪ್ಪಂದವನ್ನು 62–38ರಲ್ಲಿ, ಜನಮತವನ್ನು 65–35ರಲ್ಲಿ ಸೋಲಿಸುತ್ತದೆ. ಉಳಿದ 73 ಮಂದಿಯ ಎರಡನೇ ಆಯ್ಕೆಯಾದ ರಾಜಿಸೂತ್ರವನ್ನೇ ಈ ಪದ್ಧತಿ ಮೊದಲು ಹೊರಗೆ ಹಾಕುತ್ತದೆ.

ಹಾಗಾದರೆ ಜೋಡಿ ಹೋಲಿಕೆಯೇ ಇರಲಿ ಎನ್ನಬಹುದು. ಅಲ್ಲೂ ಸುಳಿ ಇದೆ. ಅ, ಬ, ಕ ಎಂಬ ಮೂರು ಆಯ್ಕೆ: 35 ಮಂದಿ ಅ–ಬ–ಕ, 33 ಮಂದಿ ಬ–ಕ–ಅ, 32 ಮಂದಿ ಕ–ಅ–ಬ ಎಂದು ಬರೆದರೆ, ಅ ಬವನ್ನು 67–33ರಲ್ಲಿ, ಬ ಕವನ್ನು 68–32ರಲ್ಲಿ, ಕ ಅವನ್ನು 65–35ರಲ್ಲಿ ಸೋಲಿಸುತ್ತದೆ. ಗೆದ್ದವರೇ ಇಲ್ಲ. ಆಗ ಯಾವ ಜೋಡಿಯನ್ನು ಕೊನೆಗೆ ಕೇಳುತ್ತೀರೋ ಅದೇ ಫಲಿತಾಂಶ ನಿರ್ಧರಿಸುತ್ತದೆ, ಅಂದರೆ ಕ್ರಮ ನಿಗದಿ ಮಾಡುವವರ ಕೈಯಲ್ಲಿ ಎಲ್ಲವೂ.

ಇದು ಬ್ರೆಕ್ಸಿಟ್‌ಗೆ ಹೊಸದೇನಲ್ಲ. 2003ರ ಫೆಬ್ರುವರಿ 4ರಂದು ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ಸುಧಾರಣೆಗೆ ಇದೇ ಕಾಮನ್ಸ್ ಹಲವು ಆಯ್ಕೆಗಳ ಮೇಲೆ ಮತ ಹಾಕಿ ಎಲ್ಲವನ್ನೂ ತಿರಸ್ಕರಿಸಿತು. ಮೇಲ್ಮನೆ ಸದಸ್ಯರಲ್ಲಿ ಶೇ 80 ಚುನಾಯಿತರಿರಲಿ ಎಂಬುದು 281–284ರಲ್ಲಿ ಬಿತ್ತು. ಅಲ್ಲೂ 3 ಮತ, ನೋಡಿ. 2007ರ ಮಾರ್ಚ್ 7ರಂದು ಮತ್ತೆ ಕೇಳಿದಾಗ ಉಲ್ಟಾ ಆಯಿತು: ಶೇ 80 ಕೂಡ ಗೆದ್ದಿತು (305–267), ಶೇ 100 ಕೂಡ ಗೆದ್ದಿತು (337–224). ಒಂದಕ್ಕೊಂದು ಹೊಂದದ ಎರಡಕ್ಕೆ ಒಪ್ಪಿಗೆ! ಹೌದು–ಇಲ್ಲ ಪದ್ಧತಿಯಲ್ಲಿ ಎಲ್ಲವೂ ಬೀಳುವುದು ಹೇಗೋ, ಒಂದಕ್ಕಿಂತ ಹೆಚ್ಚು ಗೆಲ್ಲುವುದೂ ಹಾಗೆಯೇ.

ತುಂಗಾತೀರ:

ಮೂವರಿಗೂ ಧನ್ಯವಾದ. ಇನ್ನೊಂದು ಅನುಮಾನ. ಮೊದಲ ಸುತ್ತಿನಲ್ಲೇ ಏಕೆ ಯಾರೂ ಎರಡನೇ ಆಯ್ಕೆಗೆ ಹೌದು ಎನ್ನಲಿಲ್ಲ? ಮತ್ತು ನಮ್ಮ ಲೋಕಸಭೆಯಲ್ಲಿ ಇಂಥದ್ದು ಸಾಧ್ಯವೇ?

ದಫ್ತರ:

ಯಾರೂ ಎನ್ನಲಿಲ್ಲ ಎನ್ನುವುದು ಅತಿಯಾಯಿತು, ಕೆಲವರು ಮೂರು ನಾಲ್ಕಕ್ಕೆ ಹೌದು ಎಂದಿದ್ದಾರೆ. ಆದರೆ ಇಲ್ಲ ಎನ್ನುವುದಕ್ಕೆ ಬೆಲೆ ತೆರಬೇಕಾದ ಸ್ಥಿತಿ ಇರಲಿಲ್ಲ. ಎರಡನೇ ಸುತ್ತು ಬರುತ್ತದೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಫಲಿತಾಂಶ ಸರ್ಕಾರವನ್ನು ಕಟ್ಟಿಹಾಕುವುದಿಲ್ಲ ಎಂಬುದೂ ಗೊತ್ತಿತ್ತು. ಹೆಸರು ಪ್ರಕಟವಾಗುವುದರಿಂದ ಕ್ಷೇತ್ರದ ಮುಂದೆ ಉತ್ತರ ಕೊಡಬೇಕಾದ್ದು ಹೌದು ಎಂದದ್ದಕ್ಕೇ. ನಿರ್ಗಮನಕ್ಕೆ ಏಪ್ರಿಲ್ 12ರ ಗಡುವು ತಲೆಯ ಮೇಲಿತ್ತು ನಿಜ. ಮೇ ತಿಂಗಳ ಕೊನೆಯ ಐರೋಪ್ಯ ಸಂಸತ್ ಚುನಾವಣೆಯಲ್ಲಿ ಬ್ರಿಟನ್ ಭಾಗವಹಿಸುವುದಾದರೆ ಅಂದಿಗೆ ಅಧಿಸೂಚನೆ ಹೊರಡಿಸಬೇಕಿತ್ತು. ಆದರೆ ಗಡುವು ಇನ್ನೊಮ್ಮೆ ಮುಂದೆ ಹೋಗುತ್ತದೆಂದು ಬಹಳ ಮಂದಿ ಲೆಕ್ಕ ಹಾಕಿದ್ದರು. ಏಪ್ರಿಲ್ 10ರಂದು ಅಕ್ಟೋಬರ್ 31ಕ್ಕೆ ಹೋಯಿತು ಕೂಡ.

ಮೂರನೇ ಸುತ್ತಿಗೂ ಪ್ರಯತ್ನ ನಡೆದಿತ್ತು. ಏಪ್ರಿಲ್ 3ರಂದು ಹಿಲರಿ ಬೆನ್ ಅವರ ತಿದ್ದುಪಡಿ 310–310 ಸಮಸಮ. ಇಲ್ಲದ ಬಹುಮತವನ್ನು ಸ್ಪೀಕರ್ ತಮ್ಮ ಮತದಿಂದ ಹುಟ್ಟಿಸಬಾರದು ಎಂಬುದು ಅಲ್ಲಿನ ಹಳೆಯ ಸಂಪ್ರದಾಯ. ಬರ್ಕೋ ನಿರ್ಣಾಯಕ ಮತವನ್ನು ವಿರುದ್ಧ ಹಾಕಿದರು. ಸೂಚಕ ಮತದಾನ ಅಲ್ಲಿಗೆ ಮುಗಿಯಿತು.

ಲೋಕಸಭೆಯ ವಿಷಯ: ಬಹು ಆಯ್ಕೆಗಳನ್ನು ಮಂಡಿಸುವುದು ದೊಡ್ಡ ತೊಡಕಲ್ಲ, ವಿಪ್ ತೊಡಕು. 1985ರಲ್ಲಿ ಬಂದ ಹತ್ತನೇ ಅನುಸೂಚಿಯ ಪ್ರಕಾರ ಪಕ್ಷದ ನಿರ್ದೇಶನ ಮೀರಿ ಮತ ಹಾಕಿದರೆ, ಅಥವಾ ಹಾಕದೆ ಕೂತರೂ, ಸದಸ್ಯತ್ವಕ್ಕೇ ಕುತ್ತು. ಪಕ್ಷ 15 ದಿನದೊಳಗೆ ಮನ್ನಿಸಿದರೆ ಮಾತ್ರ ಪಾರು. ವಿಪ್ ಹೊರಡಿಸದೆ ಮುಕ್ತವಾಗಿ ಬಿಟ್ಟರೆ ಅಡ್ಡಿ ಇಲ್ಲ. ಬ್ರಿಟನ್ನಿನಲ್ಲಿ ವಿಪ್ ಮೀರಿದರೆ ಹೋಗುವುದು ಪಕ್ಷದ ಕೃಪೆ, ಕುರ್ಚಿಯಲ್ಲ. ತಮ್ಮ ನಿರ್ಣಯ ಬಿದ್ದ ಏಪ್ರಿಲ್ 1ರ ರಾತ್ರಿಯೇ ನಿಕ್ ಬೋಲ್ಸ್ ಸದನದಲ್ಲಿ ಎದ್ದುನಿಂತು ಕನ್ಸರ್ವೇಟಿವ್ ಪಕ್ಷ ಬಿಡುವುದಾಗಿ ಹೇಳಿದರು, ಸದಸ್ಯರಾಗಿ ಮುಂದುವರಿದರು. ಅದೇ ವರ್ಷದ ಜುಲೈನಲ್ಲಿ ನಮ್ಮ ವಿಧಾನಸಭೆಯಲ್ಲಿ 17 ಶಾಸಕರು ಅನರ್ಹರಾದದ್ದನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಸೆಮಿನಾರಿನಲ್ಲಿ ಚರ್ಚೆಗೆ ಕಾವು ಬರುತ್ತದೆ.

ಬೀಜಗಣಿತ:

ಒಂದು ಪ್ರಾಯೋಗಿಕ ಸಲಹೆ. ಏಪ್ರಿಲ್ 1ರ ನಾಲ್ಕೂ ಮತಪಟ್ಟಿಗಳು ಸಂಸತ್ತಿನ ಅಧಿಕೃತ ಕಲಾಪ ವರದಿಯಾದ ಹ್ಯಾನ್ಸಾರ್ಡ್‌ನಲ್ಲಿ ಸದಸ್ಯರ ಹೆಸರು ಸಮೇತ ಸಿಗುತ್ತವೆ. ಸ್ಪ್ರೆಡ್‌ಶೀಟ್‌ನಲ್ಲಿ ಒಬ್ಬರಿಗೊಂದು ಸಾಲು, ನಿರ್ಣಯಕ್ಕೊಂದು ಕಾಲಂ. ಹೌದು 1, ಇಲ್ಲ 0, ಹಾಕದಿದ್ದರೆ ಖಾಲಿ. ಖಾಲಿಯನ್ನು 0 ಎಂದು ತುಂಬಬೇಡಿ, ಇಡೀ ಕಥೆ ಆ ಖಾಲಿಗಳಲ್ಲೇ ಇರುವುದು. ನಂತರ ಮಾರ್ಚ್ 29ರ ಪಟ್ಟಿಯನ್ನು ಐದನೇ ಕಾಲಂ ಮಾಡಿ. ಕಸ್ಟಮ್ಸ್ ಒಕ್ಕೂಟಕ್ಕೆ ಹೌದು ಎಂದವರಲ್ಲಿ ಎಷ್ಟು ಮಂದಿ ಮೇ ಒಪ್ಪಂದಕ್ಕೂ ಹೌದು ಎಂದಿದ್ದರು, ಜನಮತಕ್ಕೆ ಹೌದು ಎಂದವರಲ್ಲಿ ಎಷ್ಟು ಮಂದಿ ಕಸ್ಟಮ್ಸ್ ಕಾಲಂ ಅನ್ನು ಖಾಲಿ ಬಿಟ್ಟರು, ಈ ಎರಡನ್ನು ಮೊದಲು ಎಣಿಸಿ.

ಸುಂಕದಕಟ್ಟೆ:

ಅದರ ಜತೆ ಒಂದು ಎಚ್ಚರಿಕೆ. ಮಾರ್ಚ್ 29ರಂದು ಮತಕ್ಕೆ ಬಂದದ್ದು ನಿರ್ಗಮನ ಒಪ್ಪಂದ ಮಾತ್ರ, ರಾಜಕೀಯ ಘೋಷಣೆ ಅಲ್ಲ. 2018ರ ನಿರ್ಗಮನ ಕಾಯ್ದೆಯ 13ನೇ ಕಲಂ ಆಗ ಎರಡಕ್ಕೂ ಒಪ್ಪಿಗೆ ಕೇಳುತ್ತಿತ್ತು, ಆದ್ದರಿಂದ ಅಂದು ಗೆದ್ದಿದ್ದರೂ ಒಪ್ಪಂದ ಊರ್ಜಿತವಾಗುತ್ತಿರಲಿಲ್ಲ. ಗಡುವು ಮೇ 22ಕ್ಕೆ ಹೋಗುತ್ತಿತ್ತು, ಅಷ್ಟೆ. ಹಾಗಾಗಿ ಆ ಕಾಲಂ ಅನ್ನು ಜನವರಿ 15 ಮತ್ತು ಮಾರ್ಚ್ 12ರ ಮತಗಳ ಜತೆ ಒಂದೇ ಗುಂಪಿಗೆ ಸೇರಿಸಬೇಡಿ, ಪ್ರತ್ಯೇಕವಾಗಿಡಿ.